ಎಸೆಯುವ ಮುನ್ನ ಜಿಂಕನ್ನು ಓದಿ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಮಲ್ಪೆಯಲ್ಲಿ ಆಗ ಮೀನಿಗಿಂತ ಪೈಂಟಿನ ವಾಸನೆಯೇ ಜೋರು. ಮೇಲೆಳೆದು ನಿಲ್ಲಿಸಿದ ಹಳೆಯ ಬೋಟೊಂದರ ಹಿಂಬದಿಗೆ ಹೋಗಿ ಬಗ್ಗಿ ನೋಡಿ. ಚುಕ್ಕಾಣಿಯ ಹತ್ತಿರ, ಫ್ಯಾನಿನ ಆಸುಪಾಸಿನಲ್ಲಿ (ನಮ್ಮಲ್ಲಿ ಪ್ರೊಪೆಲ್ಲರಿಗೆ ಹಾಗೇ ಹೇಳುವುದು), ಇಲಿ ಕಡಿದ ಸಾಬೂನಿನಂಥ ಬೂದುಬಣ್ಣದ ಗಟ್ಟಿಯೊಂದು ಬೋಲ್ಟಿಗೆ ಅಂಟಿಕೊಂಡಿರುತ್ತದೆ. ಅದು ಸತು, ಬಾಯಿಮಾತಿನಲ್ಲಿ ಜಿಂಕ್. ಅದನ್ನು ಬಿಚ್ಚಿ ಗುಜರಿಗೆ ಹಾಕಿ ಹೊಸದನ್ನು ಬಿಗಿಯುವುದು ಸಣ್ಣ ಕೆಲಸ. ಎಸೆಯುವ ಮುನ್ನ ಯಾರೂ ಅದರ ಮುಖ ನೋಡುವುದಿಲ್ಲ ಎಂಬುದೇ ನನ್ನ ತಕರಾರು.

ಕಾಪು ಕಡಲಿನಿಂದ ಒಂದು ಲೋಟ ನೀರು ತನ್ನಿ. ಒಂದು ತಾಮ್ರದ ತಂತಿ, ಮಾಡಿನ ಶೀಟಿಗೆ ಹೊಡೆಯುವ ಸತು ಲೇಪದ ಒಂದು ಮೊಳೆ, ಇವೆರಡನ್ನೂ ಒಂದಕ್ಕೊಂದು ತಾಗದಂತೆ ಅದರಲ್ಲಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಮುಕ್ಕಾಲು ವೋಲ್ಟಿನ ಆಸುಪಾಸು ತೋರಿಸುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲು ಎರಡು ಬೇರೆ ಲೋಹಗಳನ್ನು ಕಂಡರೆ ಬ್ಯಾಟರಿಯಾಗಿಬಿಡುತ್ತದೆ. ಬೋಟಿನ ಅಡಿಯಲ್ಲಿ ಕಂಚಿನ ಫ್ಯಾನು, ಉಕ್ಕಿನ ಶಾಫ್ಟು, ಉಕ್ಕಿನ ಚುಕ್ಕಾಣಿ ಒಂದಕ್ಕೊಂದು ತಾಗಿಕೊಂಡಿವೆ. ಈ ಬ್ಯಾಟರಿಯಲ್ಲಿ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಲೋಹವೇ ಕರಗುವುದು. ಹಾಗಾಗಿ ಉಕ್ಕು ಸವೆಯುತ್ತದೆ. ಉಕ್ಕಿಗಿಂತಲೂ ಸುಲಭವಾಗಿ ಬಿಟ್ಟುಕೊಡುವ ಸತುವನ್ನು ಜೊತೆಗೆ ಕಟ್ಟಿದರೆ ಅದು ತಾನು ಕರಗಿ ಉಳಿದವನ್ನು ಕಾಯುತ್ತದೆ.

1824ರಲ್ಲಿ ಇದನ್ನು ಹಡಗಿಗೆ ಹೊಂದಿಸಿದವನು ಹಂಫ್ರಿ ಡೇವಿ. ಮರ ಕೊರೆಯುವ ಹುಳುವಿನಿಂದ ರಕ್ಷಣೆಗೆಂದು ಬ್ರಿಟಿಷ್ ನೌಕಾಪಡೆ ಹಡಗುಗಳ ಅಡಿಗೆ ತಾಮ್ರದ ತಗಡು ಹೊಡೆಯುತ್ತಿತ್ತು. ಆ ತಗಡೇ ಉಪ್ಪುನೀರಿನಲ್ಲಿ ಕರಗುತ್ತಿತ್ತು. ಡೇವಿ ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದ. ತಾಮ್ರವೇನೋ ಉಳಿಯಿತು, ಆದರೆ ಅದರ ಮೇಲೆ ಬಾರ್ನಕಲ್ ಚಿಪ್ಪುಗಳೂ ಪಾಚಿಯೂ ಮುತ್ತಿಕೊಂಡವು. ಕರಗುವ ತಾಮ್ರವೇ ಅವಕ್ಕೆ ವಿಷವಾಗಿತ್ತು ಎಂಬುದು ಆಮೇಲೆ ತಿಳಿದ ಸಂಗತಿ. ಹಡಗುಗಳು ನಿಧಾನವಾದವು, ಕೆಲವೇ ವರ್ಷಗಳಲ್ಲಿ ನೌಕಾಪಡೆ ಆ ತುಂಡುಗಳನ್ನು ಕಳಚಿತು. ಒಳ್ಳೆಯ ವಿಜ್ಞಾನ, ಕೆಟ್ಟ ಅದೃಷ್ಟ. ಇವತ್ತು ಬೋಟಿನಡಿಗೆ ಬಳಿಯುವ ಕೆಂಪು ಬಣ್ಣಗಳಲ್ಲಿ ಬಹಳಷ್ಟರಲ್ಲಿ ಆ ವಿಷವೇ ಇದೆ, ತಾಮ್ರದ ಆಕ್ಸೈಡ್ ರೂಪದಲ್ಲಿ.

ಇನ್ನು ಓದುವ ವಿಚಾರ. ಅರ್ಧದಷ್ಟು ಸವೆದಿದ್ದರೆ ಜಿಂಕ್ ತನ್ನ ಕೆಲಸ ಮಾಡಿದೆ, ಬದಲಿಸಿ. ಹೊಸದರಂತೆಯೇ ಇದ್ದರೆ ಖುಷಿಪಡುವಂತಿಲ್ಲ. ಬೋಲ್ಟಿನಡಿ ತುಕ್ಕು ಕೂತು ಸಂಪರ್ಕ ಕಡಿದಿರಬಹುದು, ಜಿಂಕಿನ ಮೇಲೆಯೇ ಯಾರೋ ಪೈಂಟು ಬಳಿದಿರಬಹುದು. ಜಿಂಕಿಗೂ ಅದು ಕಾಯಬೇಕಾದ ಲೋಹಕ್ಕೂ ನಡುವಿನ ಪ್ರತಿರೋಧವನ್ನು ಮೀಟರಿನಲ್ಲಿ ಅಳೆಯಿರಿ, ಸೊನ್ನೆಯ ಹತ್ತಿರ ಇರಬೇಕು. ಎಂಜಿನಿಗೂ ಶಾಫ್ಟಿಗೂ ನಡುವೆ ರಬ್ಬರ್ ಜೋಡಣೆಯಿದ್ದರೆ ಬೋಟಿನ ಮೈಗೆ ಹಾಕಿದ ಜಿಂಕ್ ಶಾಫ್ಟನ್ನು ಕಾಯದೇ ಹೋಗಬಹುದು. ಶಾಫ್ಟಿಗೇ ಬೇರೆ ಜಿಂಕ್ ಬೇಕಾಗುತ್ತದೆ.

ಎರಡೇ ತಿಂಗಳಲ್ಲಿ ಜಿಂಕ್ ಮಾಯವಾದರೆ ಎಚ್ಚರ. ಹಳೆಯ ಬೋಟಿನಲ್ಲಿ ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ಎಂದು ವರ್ಷವರ್ಷ ಸೇರುತ್ತ ಹೋಗುತ್ತವೆ. ಎಲ್ಲೋ ಒಂದು ಸಿಪ್ಪೆ ಸುಲಿದ ತಂತಿ ಬೋಟಿನ ತಳದ ಕೊಳೆನೀರಿಗೆ ತಾಗಿರುತ್ತದೆ. ಬ್ಯಾಟರಿಯಿಂದ ಹೀಗೆ ಸೋರುವ ಕರೆಂಟು ಲೋಹ ತಿನ್ನುವ ವೇಗದ ಮುಂದೆ ಕಡಲಿನ ಕೆಲಸ ಏನೇನೂ ಅಲ್ಲ. ಇನ್ನೆರಡು ಜಿಂಕ್ ಹೊಡೆದರಾಯಿತು ಎನ್ನುವುದು ಸೋರುವ ಮಾಡಿನಡಿ ಬಾಲ್ದಿ ಇಟ್ಟಂತೆ. ತಂತಿ ಹುಡುಕಿ.

ಫ್ಯಾನನ್ನೂ ಬಿಡಬೇಡಿ. ಕಂಚು ಎಂದು ಕೊಂಡದ್ದು ಎಷ್ಟೋ ಸಲ ಹಿತ್ತಾಳೆಯ ಜಾತಿಯದು, ಅದರೊಳಗೂ ಸತುವಿದೆ. ರಕ್ಷಣೆ ತಪ್ಪಿದರೆ ಸತು ಕರಗಿ ಹೋಗಿ ಗುಲಾಬಿ ಬಣ್ಣದ ಟೊಳ್ಳು ತಾಮ್ರ ಉಳಿಯುತ್ತದೆ. ಹಲಸಿನಕಾಯಿ ತಟ್ಟಿ ನೋಡುವಂತೆ ಸಣ್ಣ ಸುತ್ತಿಗೆಯಲ್ಲಿ ರೆಕ್ಕೆ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ, ಮಂಕು ಸದ್ದಾದರೆ ಮುರಿಯುವ ಮೊದಲೇ ಬದಲಿಸಿ.

ನೀರಿನಲ್ಲೇ ಉಳಿದ ಬೋಟಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾಗುತ್ತದೆ, ಸಿಹಿನೀರಿನಲ್ಲಿ ಜಿಂಕಿಗೆ ಬಿಳಿ ಹೊರಪದರ ಕಟ್ಟಿ ಅದು ಮಂಕಾಗುತ್ತದೆ. ಆಗಸ್ಟ್ 1ಕ್ಕೆ ಮುಂಚೆ ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿಸಿ. ಪೈಂಟಿನ ಡಬ್ಬಿ ಹಿಡಿದು ಬಂದ ಹುಡುಗನಿಗೂ ಮೊದಲೇ ಹೇಳಿಡಿ: ಜಿಂಕಿಗೆ ಬಣ್ಣ ಬೇಡ ಮಾರಾಯ.