ಮಣ್ಣುಹಾದಿಯ ವೇಗವಿದ್ಯೆ

ದಾವಣಗೆರೆ ಬಳಿಯ ಲೋಕಿಕೆರೆಯ ದಾರಿಯಲ್ಲಿ ದಿನವೂ ಓಡಾಡುವ ರೈತನಿಗೆ, ಯಾವ ತಿರುವಿನಲ್ಲಿ ನಾಲೆಯ ಏರಿ ಕಣ್ಣಿಗೆ ಅಡ್ಡವಾಗುತ್ತದೆ, ಸುಗ್ಗಿಯ ಕಾಲದಲ್ಲಿ ಭತ್ತವನ್ನು ರಸ್ತೆಯ ಮೇಲೆ ಎಲ್ಲೆಲ್ಲಿ ಹರವಿರುತ್ತಾರೆ, ಮಳೆ ಬಿದ್ದ ಮರುದಿನ ಯಾವ ಇಳಿಜಾರಿನಲ್ಲಿ ಬೈಕಿನ ಹಿಂದಿನ ಗಾಲಿ ಜಾರುತ್ತದೆ ಎಂಬುದೆಲ್ಲ ಯಾರೂ ಹೇಳಿಕೊಡದೆಯೇ ಕರತಲಾಮಲಕವಾಗಿರುತ್ತದೆ. ಆದರೆ ಆ ಜ್ಞಾನವನ್ನು ಅವನು ಎಂದೂ ಬರೆದಿಟ್ಟವನಲ್ಲ, ಬರೆಯಬೇಕಾದ ಪ್ರಸಂಗವೂ ಅವನಿಗೆ ಒದಗಿದುದಿಲ್ಲ. ವರ್ಷಗಟ್ಟಲೆಯ ಅನುಭವದಿಂದ ಮಾತ್ರ ದಕ್ಕತಕ್ಕ ಇಂಥ ಮಾರ್ಗಜ್ಞಾನವನ್ನು ಒಂದೆರಡು ದಿನಗಳಲ್ಲಿ ಸಂಪಾದಿಸಿ, ಅದನ್ನು ಅಕ್ಷರಕ್ಕೂ ಅಂಕೆಗೂ ಇಳಿಸಿ, ಮರುದಿನ ಆ ಬರಹವೊಂದನ್ನೇ ನಂಬಿ ಪ್ರಾಣವನ್ನು ಪಣವಾಗಿಡುವ ಕ್ರೀಡೆಯೊಂದುಂಟು. ಅದರ ಹೆಸರು ಮೋಟಾರ್ ರ‍್ಯಾಲಿ. ನಮ್ಮ ಜಿಲ್ಲೆಯ ನೆರೆಯಲ್ಲೇ ಇರುವ ಚಿಕ್ಕಮಗಳೂರಿನ ಕಾಫಿ ತೋಟಗಳು ಈ ಕ್ರೀಡೆಗೆ ದೇಶದಲ್ಲೇ ಪ್ರಸಿದ್ಧವಾದ ಕ್ಷೇತ್ರಗಳಲ್ಲಿ ಒಂದೆಂಬ ಸಂಗತಿ ದಾವಣಗೆರೆ ಹರಿಹರಗಳ ಓದುಗರಲ್ಲಿ ಅನೇಕರಿಗೆ ತಿಳಿಯದೆ ಇರಬಹುದು.

ಮೋಟಾರು ಪಂದ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಟೀವಿಯಲ್ಲಿ ಕಂಡ ಫಾರ್ಮುಲಾ ಒನ್. ಅಲ್ಲಿ ಒಂದು ವಾರಾಂತ್ಯದ ಕ್ರಮ ಸಾಮಾನ್ಯವಾಗಿ ಹೀಗೆ: ಶುಕ್ರವಾರ ಅಭ್ಯಾಸ, ಶನಿವಾರ ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ ನಿಲ್ಲಬೇಕು ಎಂಬುದನ್ನು ಗಡಿಯಾರದಿಂದ ನಿರ್ಣಯಿಸುವ ಕ್ವಾಲಿಫೈಯಿಂಗ್, ಭಾನುವಾರ ಎಲ್ಲರೂ ಒಂದೇ ಪಥದಲ್ಲಿ ಒಟ್ಟಿಗೆ ಹೊರಟು ಸೆಣಸುವ ಪಂದ್ಯ. 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಭಾರತದ ಪ್ರಥಮ ಗ್ರಾಂಡ್ ಪ್ರೀ ನಡೆಯಿತು. 2013ರವರೆಗೆ ಮೂರು ಬಾರಿ ನಡೆದು, ಮೂರು ಬಾರಿಯೂ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಗೆದ್ದು, ಬಳಿಕ ನಿಂತುಹೋಯಿತು. ದಕ್ಷಿಣದಲ್ಲಿ ಈ ಬಗೆಯ ಪಂದ್ಯಗಳಿಗೆ ಮದ್ರಾಸಿನ ಬಳಿಯ ಸೋಳಾವರಂನ ಹಳೆಯ ವಿಮಾನಪಥವೇ ಬಹುಕಾಲ ಆಶ್ರಯವಾಗಿತ್ತು; ಬೆಂಗಳೂರಿನ ಉತ್ಸಾಹಿಗಳೂ ಅಲ್ಲಿಗೆ ಹೋಗುತ್ತಿದ್ದರು. ಆದರೆ ಮಲೆನಾಡಿನ ಏರುತಗ್ಗುಗಳನ್ನೂ ಬಯಲುಸೀಮೆಯ ಕಾಡುದಾರಿಗಳನ್ನೂ ಪಡೆದ ನಮ್ಮ ನಾಡಿಗೆ ಸಹಜವಾದ ಮೋಟಾರು ಕ್ರೀಡೆ, ನನ್ನ ಅಭಿಪ್ರಾಯದಲ್ಲಿ, ರ‍್ಯಾಲಿಯೇ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ ಕೆ–1000 ರ‍್ಯಾಲಿ 1970ರ ದಶಕದಷ್ಟು ಹಿಂದಿನದು. ದೇಶದ ಮೋಟಾರು ಕ್ರೀಡೆಯನ್ನು ನಿಯಂತ್ರಿಸುವ ಒಕ್ಕೂಟ ಸ್ಥಾಪಿತವಾದದ್ದೂ 1971ರಲ್ಲಿ.

ಕಾಫಿ ತೋಟವೇ ಏಕೆಂಬ ಪ್ರಶ್ನೆಗೆ ಉತ್ತರ ಸರಳವಾದದ್ದು. ಸಾರ್ವಜನಿಕ ರಸ್ತೆಯನ್ನು ದಿನವಿಡೀ ಮುಚ್ಚುವುದು ದುಸ್ಸಾಧ್ಯ. ದೊಡ್ಡ ಎಸ್ಟೇಟುಗಳ ಒಳಗಾದರೋ ಮೈಲುಗಟ್ಟಲೆ ಹಬ್ಬಿರುವ ಮಣ್ಣಿನ ಹಾದಿಗಳು ಮಾಲೀಕರ ಸ್ವಂತದವು, ಗೇಟು ಹಾಕಿದರೆ ಮುಚ್ಚುವಂಥವು. ಆ ಹಾದಿಗಳು ಬೆಟ್ಟದ ಮೈಯನ್ನು ಅನುಸರಿಸಿ ಹಾವಿನಂತೆ ಹೊರಳುವುದರಿಂದ ಚಾಲಕನ ಕೌಶಲಕ್ಕೆ ಅವಕಾಶವೂ ವಿಪುಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಹಲವು ವರ್ಷ ನಡೆದದ್ದು ಈ ತೋಟಗಳಲ್ಲಿಯೇ. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್ ಪಟ್ಟವನ್ನು ಪಡೆದ ದೆಹಲಿಯ ಗೌರವ್ ಗಿಲ್, ಅರ್ಜುನ ಪ್ರಶಸ್ತಿಗೆ ಪಾತ್ರನಾದ ಪ್ರಥಮ ಮೋಟಾರು ಕ್ರೀಡಾಪಟು, ಚಿಕ್ಕಮಗಳೂರಿನ ಈ ಕೆಂಪುಮಣ್ಣಿನಲ್ಲಿ ಗೆದ್ದವನು.

ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದೊಂದಾಗಿ, ಒಂದೆರಡು ನಿಮಿಷಗಳ ಅಂತರದಲ್ಲಿ ಹೊರಡುತ್ತವೆ. ಪ್ರತಿಸ್ಪರ್ಧಿ ಎದುರಿಗಿಲ್ಲ, ಗಡಿಯಾರದಲ್ಲಿದ್ದಾನೆ. ‘ಸ್ಪೆಷಲ್ ಸ್ಟೇಜ್’ ಎಂಬ ಮುಚ್ಚಿದ ಹಾದಿಗಳಲ್ಲಿ ತೆಗೆದುಕೊಂಡ ಕಾಲವನ್ನೆಲ್ಲ ಕೂಡಿಸಿ, ದಂಡದ ಸೆಕೆಂಡುಗಳನ್ನೂ ಸೇರಿಸಿ, ಯಾರ ಮೊತ್ತ ಕಡಿಮೆಯೋ ಅವರೇ ಜಯಶಾಲಿಗಳು. ‘ಅವರು’ ಎಂದು ಬಹುವಚನದಲ್ಲಿ ಹೇಳಿದ್ದಕ್ಕೆ ಕಾರಣವುಂಟು: ಕಾರಿನಲ್ಲಿ ಕೂರುವವರು ಇಬ್ಬರು, ಚಾಲಕ ಮತ್ತು ಅವನಿಗೆ ದಾರಿಯನ್ನು ಓದಿ ಹೇಳುವ ಕೋ-ಡ್ರೈವರ್.

ವಾರಾಂತ್ಯ ಆರಂಭವಾಗುವುದು ಮಂದಗತಿಯಲ್ಲಿ. ಸರ್ಕ್ಯೂಟಿನ ಅಭ್ಯಾಸಕ್ಕೆ ಇಲ್ಲಿ ಸಮಾನವಾದದ್ದು ‘ರೆಕ್ಕಿ’. ಇಬ್ಬರೂ ಸಾಮಾನ್ಯ ಕಾರೊಂದರಲ್ಲಿ, ವೇಗದ ಮಿತಿಯನ್ನು ಮೀರದೆ, ನಿಯಮದಲ್ಲಿ ಹೇಳಿದಷ್ಟು ಸಲ, ಸಾಮಾನ್ಯವಾಗಿ ಎರಡೇ ಸಲ, ಪ್ರತಿಯೊಂದು ಸ್ಟೇಜಿನಲ್ಲಿಯೂ ಹೋಗಿಬರುತ್ತಾರೆ. ಚಾಲಕ ಕಣ್ಣಿಗೆ ಕಂಡದ್ದನ್ನು ಹೇಳುತ್ತಾನೆ. ಕೋ-ಡ್ರೈವರ್ ತೊಡೆಯ ಮೇಲಿನ ಸುರುಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾನೆ. ಪೆನ್ಸಿಲೇ ಬೇಕು, ಏಕೆಂದರೆ ಎರಡನೆಯ ಸುತ್ತಿನಲ್ಲಿ ಅಳಿಸಿ ತಿದ್ದುವುದುಂಟು. ತಿರುವಿನ ಬಿಗಿಯನ್ನು ಅಂಕೆಯಿಂದ ಸೂಚಿಸುವ ರೂಢಿ: ಒಂದು ಎಂದರೆ ಅತ್ಯಂತ ಬಿಗಿ, ಆರು ಎಂದರೆ ಹೆಚ್ಚುಕಡಮೆ ನೇರ, ಕೆಲವರು ಇದನ್ನು ತಿರುಗುಮುರುಗಾಗಿ ಬಳಸುವುದೂ ಉಂಟು. ಹೀಗೆ ಒಂದು ಸಾಲು ಸಿದ್ಧವಾಗುತ್ತದೆ: ‘ನೂರು ಮೀಟರ್, ದಿಣ್ಣೆಯ ಮೇಲೆ ಎಡ ಐದು, ಕೂಡಲೇ ಬಲ ಮೂರು, ಬಿಗಿಯುತ್ತದೆ, ಒಳಗೆ ಕಲ್ಲು, ಕತ್ತರಿಸಬೇಡ.’ ಇಲ್ಲಿ ಒಂದೊಂದು ಪದಕ್ಕೂ ಪ್ರಾಣದ ಬೆಲೆ. ದಿಣ್ಣೆಯ ಆಚೆಗಿನ ತಿರುವು ಚಾಲಕನ ಕಣ್ಣಿಗೆ ಕಾಣುವುದಿಲ್ಲ; ಆದರೂ ಅವನು ದಿಣ್ಣೆಯನ್ನು ಹತ್ತುವ ಮೊದಲೇ ಕಾರನ್ನು ಎಡಕ್ಕೆ ವಾಲಿಸಿರಬೇಕು. ಒಳಮಗ್ಗುಲಿನಲ್ಲಿ ಹುಲ್ಲು ಮುಚ್ಚಿದ ಕಲ್ಲಿದೆಯೆಂಬ ಮಾತನ್ನು ಬರೆಯಲು ಮರೆತರೆ ಚಕ್ರ ಮುರಿಯುತ್ತದೆ. ಅಂಕೆ ಮೂರಾಗಿರಬೇಕಾದಲ್ಲಿ ನಾಲ್ಕೆಂದು ಬರೆದರೆ ಕಾರು ಸಿಲ್ವರ್ ಓಕ್ ಮರಕ್ಕೆ ಬಡಿಯುತ್ತದೆ. ಈ ಬರಹಕ್ಕೆ ‘ಪೇಸ್ ನೋಟ್ಸ್’ ಎಂದು ಹೆಸರು. ರೆಕ್ಕಿಯ ರಾತ್ರಿ, ಇತರರು ನಿದ್ರಿಸುವ ಹೊತ್ತಿನಲ್ಲಿ, ಕೋ-ಡ್ರೈವರ್ ಆ ಗೀಚುಬರಹವನ್ನು ದೀಪದ ಮುಂದೆ ಶುದ್ಧಪ್ರತಿಯಾಗಿ ಬರೆಯುತ್ತಾನೆ.

ಅನಂತರ ಕಾರಿನ ಪರೀಕ್ಷೆ. ಅದಕ್ಕೆ ‘ಸ್ಕ್ರೂಟಿನಿ’ ಎನ್ನುತ್ತಾರೆ. ಹರಿಹರದ ಓದುಗರಿಗೆ ಈ ಭಾಗ ಪ್ರಿಯವಾದೀತೆಂದು ನನ್ನ ನಂಬಿಕೆ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಯಂತ್ರಪುರದಲ್ಲಿ ಲೇತುಗಳನ್ನು ನಿರ್ಮಿಸುತ್ತಿದ್ದ ಕಾಲದಿಂದಲೂ ಮೈಕ್ರೋಮೀಟರಿನ ಒಂದು ಗೆರೆಯ ವ್ಯತ್ಯಾಸಕ್ಕಾಗಿ ಇಡೀ ಬಿಡಿಭಾಗವನ್ನು ತಿರಸ್ಕರಿಸಿದ ಕುಶಲಕರ್ಮಿಗಳು ಆ ಊರಿನಲ್ಲಿ ಬಾಳಿದ್ದಾರೆ. ಪರೀಕ್ಷಕನ ನಿಷ್ಠುರತೆ ಅವರಿಗೆ ಹೊಸದಲ್ಲ. ಕಾರಿನ ಒಳಗೆ ಉಕ್ಕಿನ ಕೊಳವೆಗಳಿಂದ ಹೆಣೆದ ರೋಲ್ ಕೇಜ್, ಹೆಗಲು ಸೊಂಟ ತೊಡೆಗಳನ್ನು ಬಿಗಿಯುವ ಬೆಲ್ಟು, ಅಗ್ನಿಶಾಮಕ, ಹೊರಗಿನಿಂದಲೂ ವಿದ್ಯುತ್ತನ್ನು ಕಡಿಯಬಲ್ಲ ಸ್ವಿಚ್ಚು, ಹೆಲ್ಮೆಟ್ಟು, ಬೆಂಕಿ ತಾಗದ ಉಡುಪು, ಕುತ್ತಿಗೆಯನ್ನು ರಕ್ಷಿಸುವ ಹ್ಯಾನ್ಸ್ ಸಾಧನ, ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ಆ ಕಾರು ಆರಂಭರೇಖೆಗೆ ಬರಲಾರದು. ಎಂಜಿನ್ನು ಗೇರುಪೆಟ್ಟಿಗೆಗಳು ತಮ್ಮ ವರ್ಗದ ಮಿತಿಯೊಳಗಿವೆಯೇ ಎಂಬುದನ್ನೂ ನೋಡುತ್ತಾರೆ. ಮಾರುತಿ ಜಿಪ್ಸಿಯಿಂದ ಹಿಡಿದು ವೋಕ್ಸ್‌ವ್ಯಾಗನ್ ಪೋಲೋವರೆಗೆ ನಾನಾ ಕಾರುಗಳು ತಂತಮ್ಮ ವರ್ಗಗಳಲ್ಲಿ ಸ್ಪರ್ಧಿಸುವುದರಿಂದ, ಬಡ ಕಾರಿಗೂ ತನ್ನದೇ ಆದ ಗೆಲುವು ಸಾಧ್ಯವಾಗುತ್ತದೆ. ಬಳಿಕ ಕಾರನ್ನು ಓಡಿಸಿ ಪರೀಕ್ಷಿಸುವ ಸ್ವಲ್ಪ ದೂರದ ‘ಶೇಕ್‌ಡೌನ್’ ಓಟ, ಸಂಜೆ ಊರಿನ ನಡುವೆ ವಿಧ್ಯುಕ್ತ ಚಾಲನೆ. ಅದರ ಬಾವುಟ ಭಾಷಣಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಸ್ಪರ್ಧೆಯ ದಿನ ಸ್ಟೇಜಿನ ಬಾಯಲ್ಲಿ ಕಾರು ನಿಂತಿದೆ. ಕೊನೆಯ ಐದು ಸೆಕೆಂಡುಗಳ ಎಣಿಕೆ ಮುಗಿದೊಡನೆ ಅದು ಕೆಂಧೂಳಿಯನ್ನೆಬ್ಬಿಸಿ ಕಣ್ಮರೆಯಾಗುತ್ತದೆ. ಒಂದು ಕ್ಷಣ ಮುಂಚೆ ಚಲಿಸಿದರೂ ದಂಡ. ಒಳಗೆ, ಎಂಜಿನ್ನಿನ ಆರ್ಭಟದ ನಡುವೆ, ಹೆಲ್ಮೆಟ್ಟಿನೊಳಗಿನ ಇಂಟರ್‌ಕಾಮಿನಲ್ಲಿ ಕೋ-ಡ್ರೈವರಿನ ಧ್ವನಿಯೊಂದೇ ಕೇಳಿಸುತ್ತಿರುತ್ತದೆ. ಅವನು ತಲೆಯೆತ್ತಿ ರಸ್ತೆಯನ್ನು ನೋಡುವುದು ಅಪರೂಪ. ಆಸನದ ಕೆಳಗಿನ ಕುಲುಕಾಟದಿಂದಲೇ ಕಾರು ಎಲ್ಲಿದೆಯೆಂಬುದನ್ನು ಅರಿಯುತ್ತಾನೆ. ಗಮಕದಲ್ಲಿ ವಾಚನಕಾರ ಪದ್ಯವನ್ನು ಹಾಡಿ ನಿಲ್ಲಿಸಿದಲ್ಲಿ ವ್ಯಾಖ್ಯಾನಕಾರ ಎತ್ತಿಕೊಳ್ಳುವಂತೆ, ಇಲ್ಲಿ ಒಬ್ಬ ಓದಿದ್ದನ್ನು ಇನ್ನೊಬ್ಬ ನೆಲದ ಮೇಲೆ ಅರ್ಥಯಿಸುತ್ತಾನೆ. ಓದು ತೀರ ಮುಂಚಿತವಾದರೆ ಚಾಲಕ ಮರೆತಾನು, ಅರೆಕ್ಷಣ ತಡವಾದರೆ ತಿರುವೇ ದಾಟಿಹೋದೀತು. ಧ್ವನಿ ನಡುಗಕೂಡದು. ಕಾರು ಚರಂಡಿಗೆ ಇಳಿದು ಮೇಲೆದ್ದರೂ ಓದು ನಿಲ್ಲಕೂಡದು.

ಇಂಥ ವಾಚನಕಾರರಲ್ಲಿ ಅಗ್ರಗಣ್ಯನಾದ ಮೂಸಾ ಷರೀಫ್ ಕಾಸರಗೋಡಿನವನು. ನೂರಾರು ರ‍್ಯಾಲಿಗಳಲ್ಲಿ ನಾನಾ ಚಾಲಕರಿಗೆ, ಗೌರವ್ ಗಿಲ್‌ಗೂ, ದಾರಿ ಓದಿದವನು. ಬೆಂಗಳೂರಿನ ಕರ್ಣ ಕಡೂರ್ ರಾಷ್ಟ್ರೀಯ ಚಾಂಪಿಯನ್ ಆದಾಗ ಪಕ್ಕದ ಆಸನದಲ್ಲಿದ್ದವನು ನಿಖಿಲ್ ಪೈ. ಪತ್ರಿಕೆಗಳ ತಲೆಬರಹದಲ್ಲಿ ಚಾಲಕನ ಹೆಸರಷ್ಟೇ ದೊಡ್ಡದಾಗಿ ಬರುವುದು ನನಗೆ ಸಮಾಧಾನ ತಂದ ವಿಷಯವಲ್ಲ. ಓದಿಹೇಳುವವರೇ ಇಲ್ಲದೆ, ಬೈಕಿನ ಮೇಲೆ ತಾವೇ ದಾರಿಪಟ್ಟಿಯನ್ನು ಸುರುಳಿ ಬಿಚ್ಚಿಕೊಂಡು ಓದುತ್ತ ಮರುಭೂಮಿಯನ್ನು ದಾಟಿದವರೂ ನಮ್ಮ ನಾಡಿನಲ್ಲಿದ್ದಾರೆ: 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಪ್ರಥಮ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2019ರಲ್ಲಿ ಅದನ್ನೇ ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್, ಅದೇ ವರ್ಷ ಬಾಹಾ ರ‍್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ.

ಸ್ಟೇಜು ಮುಗಿದ ಮೇಲಿನ ದೃಶ್ಯವೇ ನನ್ನನ್ನು ಈ ಕ್ರೀಡೆಯ ಭಕ್ತನನ್ನಾಗಿ ಮಾಡಿತು. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಎಲ್ಲರೂ ಓಡಾಡುವ ಊರಿನ ರಸ್ತೆ. ಅಲ್ಲಿ ಆ ಕಾರಿಗೆ ಯಾವ ವಿಶೇಷಾಧಿಕಾರವೂ ಇಲ್ಲ. ಹತ್ತು ನಿಮಿಷದ ಹಿಂದೆ ದಿಣ್ಣೆಯ ಮೇಲೆ ನಾಲ್ಕು ಚಕ್ರಗಳನ್ನೂ ನೆಲದಿಂದ ಎತ್ತಿದ್ದ ಕಾರು, ಕಿವಿಗಡಚಿಕ್ಕುವ ಸದ್ದಿನೊಡನೆ, ಶಾಲೆಯ ಮಕ್ಕಳು ರಸ್ತೆ ದಾಟುವವರೆಗೆ ನಿಂತು, ಬಸ್ಸಿನ ಹಿಂದೆ ತಾಳ್ಮೆಯಿಂದ ಸಾಗುತ್ತದೆ. ಸಂಚಾರ ನಿಯಮವನ್ನು ಮುರಿದವರಿಗೆ ಸ್ಪರ್ಧೆಯಲ್ಲಿಯೂ ದಂಡವುಂಟು. ಕಾಲವನ್ನು ಗುರುತಿಸುವ ಮುಂದಿನ ಠಾಣೆಗೆ ತಡವಾಗಿ ಬಂದರೆ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡು ದಂಡ. ಮುಂಚಿತವಾಗಿ ಬಂದರೆ ಪ್ರತಿ ನಿಮಿಷಕ್ಕೆ ಪೂರ್ತಿ ಒಂದು ನಿಮಿಷ. ಅವಸರಕ್ಕೆ ಆಲಸ್ಯಕ್ಕಿಂತ ಆರು ಪಟ್ಟು ಹೆಚ್ಚು ಶಿಕ್ಷೆಯನ್ನು ವಿಧಿಸಿರುವ ಈ ನಿಯಮವನ್ನು ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ರಾತ್ರಿಯ ವೇಳೆ ಬೈಕು ಹಾರಿಸುವ ತರುಣರು ಒಮ್ಮೆ ಗಮನವಿಟ್ಟು ಓದಬೇಕು.

ಮಧ್ಯೆ ಮಧ್ಯೆ ‘ಸರ್ವೀಸ್ ಪಾರ್ಕ್’. ಗೊತ್ತಾದ ನಿಮಿಷಗಳೊಳಗೆ ಮೆಕ್ಯಾನಿಕ್ಕುಗಳು ಬಾಗಿದ ಆಕ್ಸಲನ್ನು ಬಿಚ್ಚಿ ಹೊಸದನ್ನು ಕೂಡಿಸಬೇಕು, ಸಸ್ಪೆನ್ಷನ್ನನ್ನು ಬದಲಿಸಬೇಕು, ಗಾಲಿ ಹಾಕಬೇಕು. ಯಾರೂ ಕೂಗುವುದಿಲ್ಲ, ಪ್ರತಿಯೊಬ್ಬನ ಕೈಗೂ ಅವನದೇ ಸ್ಪ್ಯಾನರು. ಸ್ಟೇಜಿನೊಳಗೆ ಕೆಟ್ಟರೆ ಮಾತ್ರ ಇವರಾರೂ ನೆರವಿಗೆ ಬರಲಾರರು; ಪಂಕ್ಚರಾದ ಚಕ್ರವನ್ನು ಚಾಲಕ ಮತ್ತು ಕೋ-ಡ್ರೈವರ್ ತಾವೇ ಇಳಿದು ಬದಲಿಸಬೇಕು.

ಅಪಘಾತವಾದರೆ ಏನು ಮಾಡಬೇಕೆಂಬುದಕ್ಕೂ ಕ್ರಮವಿದೆ. ಪ್ರತಿ ಕಾರಿನಲ್ಲೂ ಒಂದು ಫಲಕವಿರುತ್ತದೆ: ಒಂದು ಮೈಯಲ್ಲಿ ಹಸುರು ‘ಓಕೆ’, ಇನ್ನೊಂದು ಮೈಯಲ್ಲಿ ಕೆಂಪು ‘ಎಸ್‌ಓಎಸ್’. ಕೆಂಪು ಕಂಡೊಡನೆ ಹಿಂದಿನಿಂದ ಬಂದ ಸ್ಪರ್ಧಿ, ತಾನು ಗೆಲ್ಲುವ ಸ್ಥಿತಿಯಲ್ಲಿದ್ದರೂ, ನಿಂತು ಸಹಾಯ ಮಾಡತಕ್ಕದ್ದು, ಇದು ಕಡ್ಡಾಯ. ಹಾದಿಯುದ್ದಕ್ಕೂ ನಿಲ್ಲುವ ಮಾರ್ಷಲ್‌ಗಳಲ್ಲಿ ಬಹುಮಂದಿ ಸ್ವಯಂಸೇವಕರು. ಬೆಳಗಿನಿಂದ ಸಂಜೆಯವರೆಗೆ ಧೂಳು ಕುಡಿದು, ಒಂದು ಹಗ್ಗ, ಒಂದು ಸೀಟಿ ಹಿಡಿದು, ಕಾಲುದಾರಿಗಳ ಬಾಯಲ್ಲಿ ಜನರನ್ನು ತಡೆಯುತ್ತಾರೆ. ಅವರ ಕೆಲಸ ಎಷ್ಟು ಗುರುತರವೆಂಬುದಕ್ಕೆ 2019ರಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ನಡೆದ ದುರಂತ ಸಾಕ್ಷಿ: ರಾಷ್ಟ್ರೀಯ ರ‍್ಯಾಲಿಯ ಮುಚ್ಚಿದ ಹಾದಿಗೆ ಬೈಕೊಂದು ಬಂದು, ಸ್ಪರ್ಧೆಯ ಕಾರು ಅದಕ್ಕೆ ಬಡಿದು, ಒಂದೇ ಕುಟುಂಬದ ಮೂವರು ಮೃತರಾದರು. ಆ ದಿನವನ್ನು ಮರೆತು ಈ ಕ್ರೀಡೆಯನ್ನು ಹೊಗಳುವುದು ಸಲ್ಲದು. ಕಾರುಗಳು ಬರುವ ಮುನ್ನ ಹಾದಿ ಬರಿದಾಗಿದೆಯೆಂದು ಖಚಿತಪಡಿಸಿಕೊಳ್ಳಲು ‘ಸೊನ್ನೆ ಕಾರು’ ಹೋಗುತ್ತದೆ. ಎಲ್ಲ ಮುಗಿದ ಮೇಲೆ, ಹಾದಿಯಲ್ಲಿ ಯಾರೂ ಉಳಿದಿಲ್ಲವೆಂದು ನೋಡಿಕೊಳ್ಳುವ ‘ಗುಡಿಸುವ ಕಾರು’ ಬಂದ ಬಳಿಕವೇ ಹಾದಿ ತೆರೆಯುತ್ತದೆ.

ನೋಡಲು ಹೋಗಬಯಸುವವರು ದಾವಣಗೆರೆಯಿಂದ ಸಂತೇಬೆನ್ನೂರು, ಚನ್ನಗಿರಿ, ತರೀಕೆರೆಗಳ ಮಾರ್ಗವಾಗಿ ಚಿಕ್ಕಮಗಳೂರನ್ನು ಸೇರಬಹುದು. ಮೊದಲ ಕಾರು ಹೊರಡುವುದಕ್ಕೆ ಬಹಳ ಮುಂಚೆಯೇ ಹಾದಿಯನ್ನು ಮುಚ್ಚುವುದರಿಂದ ನಸುಕಿನಲ್ಲೇ ತೋಟದ ಗೇಟಿನ ಬಳಿ ಇರುವುದು ಒಳಿತು. ತಿರುವಿನ ಹೊರಮಗ್ಗುಲಿನಲ್ಲಿ, ಎಂದರೆ ಜಾರಿದ ಕಾರು ಹೋಗಿ ಬೀಳುವ ಕಡೆಯಲ್ಲಿ, ಎಂದಿಗೂ ನಿಲ್ಲಬಾರದು. ಒಳಮಗ್ಗುಲಿನ ಎತ್ತರದ ದಿಬ್ಬವನ್ನು ಆರಿಸಿಕೊಳ್ಳಬೇಕು. ಎರಡು ಕಾರುಗಳ ನಡುವಿನ ಬಿಡುವಿನಲ್ಲಿ ಹಾದಿಗೆ ಇಳಿಯಬಾರದು. ಮಕ್ಕಳ ಕೈ ಹಿಡಿದಿರಬೇಕು. ಮಾರ್ಷಲ್ ಸೀಟಿ ಊದಿದನೆಂದರೆ ಮುಂದಿನ ಕಾರು ಹತ್ತಿರದಲ್ಲಿಯೇ ಇದೆಯೆಂದು ತಿಳಿದು ಹಿಂದಕ್ಕೆ ಸರಿಯಬೇಕು.