ತೊಂಬತ್ತರ ತೊಡೆಗೆ ಬಂದ ಕಸುವು

ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಐವತ್ತು ದಾಟಿದ ಹಮಾಲರೂ ಹರೆಯದವರ ಸರಿಸಮಕ್ಕೆ ಮೂಟೆ ಹೊರುತ್ತಾರೆ. ವಯಸ್ಸಾದಷ್ಟೂ ಗಂಡಸಿನ ಕಸುವು ಏರುತ್ತದೆ ಎಂದು ನೋಡಿದವರಿಗೆ ಅನಿಸುವುದು ಸಹಜ. ಆದರೆ ಮೈ ಸೋತವರು ಎಂದೋ ಕೆಲಸ ಬಿಟ್ಟು ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳಿಗೆ ಮರಳಿರುತ್ತಾರೆ. ನಮ್ಮ ಕಣ್ಣಿಗೆ ಬೀಳುವವರು ಉಳಿದ ಗಟ್ಟಿಗರು ಮಾತ್ರ. ಭಾರವನ್ನು ಬೆನ್ನಿನ ಯಾವ ಜಾಗಕ್ಕೆ ಕೊಡಬೇಕೆಂಬ ಪಳಗಿದ ಜಾಣ್ಮೆಯೂ ಅವರಿಗಿದೆ. ಹಾಗಾಗಿ ಇದು ಕಣ್ಣಳತೆಗೆ ಸಿಕ್ಕುವ ಪ್ರಶ್ನೆಯಲ್ಲ.

ಅಳೆಯುವ ಸಾಧನ ಸಿಕ್ಕಿದ್ದು ಫ್ರಾನ್ಸಿನಲ್ಲಿ. 1798ರಲ್ಲಿ ಎಡ್ಮ್ ರೆನ್ಯೇ ಉಕ್ಕಿನ ಸ್ಪ್ರಿಂಗಿನ ಬಲಮಾಪಕವನ್ನು ಲೋಕದ ಮುಂದಿಟ್ಟ. ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ ಅದರಿಂದ ಬೇರೆ ಬೇರೆ ವಯಸ್ಸಿನವರ ಬಲ ಅಳೆದು, 1835ರ ತನ್ನ ಗ್ರಂಥದಲ್ಲಿ ಲೆಕ್ಕ ಕೊಟ್ಟ: ಬಲ ಯೌವನದಲ್ಲಿ ತುಂಬುತ್ತದೆ, ಆಮೇಲೆ ಇಳಿಯುತ್ತದೆ. ಇಳಿಯುವುದೇಕೆ? 1988ರಲ್ಲಿ ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು, ತೀರಿಕೊಂಡ 43 ಗಂಡಸರ ತೊಡೆಯ ಸ್ನಾಯುವನ್ನು ಇಡಿಯಾಗಿ ತೆಗೆದು ಪರೀಕ್ಷಿಸಿದರು. ಕಿರಿಯನಿಗೆ 15 ವರ್ಷ, ಹಿರಿಯನಿಗೆ 83. ಸ್ನಾಯುವಿನ ಸವೆತ ಸುಮಾರು 25ರಲ್ಲೇ ಮೊದಲಾಗಿತ್ತು. ಮುಖ್ಯ ಕಾರಣ, ಎಳೆಗಳ ಸಂಖ್ಯೆಯೇ ಕಡಿಮೆಯಾಗುತ್ತ ಹೋಗುವುದು.

ಕತೆ ಇಲ್ಲಿಗೇ ಮುಗಿದಿದ್ದರೆ ಮುದುಕರ ಪಾಲಿಗೆ ಅದು ತೀರ್ಪೇ ಆಗುತ್ತಿತ್ತು. ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಟರೋನ್ ಅದನ್ನು ಒಪ್ಪಲಿಲ್ಲ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 86ರಿಂದ 96 ವರ್ಷದ ಹತ್ತು ಮಂದಿಯನ್ನು ಕೂರಿಸಿ ಕಾಲಿನಿಂದ ಭಾರ ಎತ್ತಿಸಿದಳು. ಭಾರವೂ ಹಗುರದ್ದಲ್ಲ, ಅವರವರ ಗರಿಷ್ಠ ಶಕ್ತಿಯ ಶೇಕಡ 80ರಷ್ಟು. ಆ ಧೈರ್ಯ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಎಂಟು ವಾರ ಪೂರೈಸಿದ ಒಂಬತ್ತು ಜನರಲ್ಲಿ ತೊಡೆಯ ಬಲ ಸರಾಸರಿ ಶೇಕಡ 174 ಏರಿತ್ತು, ಅಂದರೆ ಎರಡೂವರೆ ಪಟ್ಟಿಗೂ ಮಿಕ್ಕಿ. ಇಬ್ಬರು ಊರುಗೋಲನ್ನೇ ಬಿಟ್ಟರು. 1990ರಲ್ಲಿ ಇದು ಪ್ರಕಟವಾದಾಗ ಒಂದು ಎಚ್ಚರಿಕೆಯೂ ಜೊತೆಗಿತ್ತು: ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರಕ್ಕೆ ಬಲದ ಮೂರನೇ ಒಂದರಷ್ಟು ಪಾಲು ಸೋರಿಹೋಗಿತ್ತು.

ಬಲ ಅಳೆಯುವ ಈ ಶೋಧಕ್ಕೆ ಕನ್ನಡ ನಾಡಿನ ನಂಟೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಮಾರಿಯೋ ವಾಜ್ ಮತ್ತು ಸಂಗಡಿಗರು ಮಕ್ಕಳಿಂದ ಹಿಡಿದು ಹಿರಿಯರವರೆಗೆ ಭಾರತೀಯರ ಮುಷ್ಟಿಬಲ ಅಳೆದು 2002ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆ ಪಾಲ್ಗೊಂಡ 17 ದೇಶಗಳ ಅಧ್ಯಯನ 2015ರಲ್ಲಿ ಹೊರಬಂತು. ಸುಮಾರು 1.4 ಲಕ್ಷ ಜನರನ್ನು ಗಮನಿಸಿದ ಅದರ ಪ್ರಕಾರ, ಮುಷ್ಟಿಬಲ 5 ಕಿಲೋ ಕಡಿಮೆಯಿದ್ದರೆ ಸಾವಿನ ಅಪಾಯ ಶೇಕಡ 16 ಹೆಚ್ಚು.

ಹಮಾಲಿ ಬಿಟ್ಟ ಅಪ್ಪನನ್ನು ಹೊರಸಿನ ಮೇಲೆ ಕೂರಿಸಿ "ಇನ್ನು ಆರಾಮಾಗಿರು" ಎನ್ನುವ ಮಕ್ಕಳಿಗೆ ನನ್ನದೊಂದು ಕೋರಿಕೆ: ಡಾಕ್ಟರಿಗೆ ಒಮ್ಮೆ ಎದೆ ತೋರಿಸಿ, ಹೊಟ್ಟೆ ತುಂಬ ಬೇಳೆ, ಮೊಟ್ಟೆ, ಹಾಲು ಕೊಡಿ. ಆಮೇಲೆ ಅವರ ತಾಕತ್ತಿಗೆ ತಕ್ಕ ಭಾರವನ್ನು ವಾರಕ್ಕೆ ಮೂರು ದಿನ ಎತ್ತಲು ಬಿಡಿ.