ಗೆಲುವಿಗೂ ಒಂದು ಧರ್ಮವಿದೆ

ಕೊಡಗಿನ ಜನಜೀವನದಲ್ಲಿ ಕ್ರೀಡೆಗೆ ಗೌರವದ ಸ್ಥಾನವಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ತಂಡಗಳು ಭಾಗವಹಿಸಿದ್ದವು; 2024ರಲ್ಲಿ ನಾಪೋಕ್ಲುವಿನಲ್ಲಿ ಜರುಗಿದ ಉತ್ಸವಕ್ಕೆ 360 ತಂಡಗಳು ಹೆಸರು ನೋಂದಾಯಿಸಿದವು. ಹಿರಿಯರು, ಮಕ್ಕಳು, ಮಹಿಳೆಯರು ಒಂದೇ ತಂಡದಲ್ಲಿ ಆಡುವ ಈ ಉತ್ಸವವನ್ನು ನೆರೆಹೊರೆಯವರಾದ ನಾವೂ ಸಂತೋಷದಿಂದ ನೋಡುತ್ತ ಬಂದಿದ್ದೇವೆ. ಆಟವು ಬಂಧುತ್ವವನ್ನು ಹೇಗೆ ಬೆಸೆಯಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಆಟದೊಂದಿಗೆ ಹಣ, ಪದಕ, ಉದ್ಯೋಗ, ಪ್ರಸಿದ್ಧಿಗಳು ಸೇರಿಕೊಂಡಾಗ ಪ್ರಲೋಭನೆಯೂ ಅದರ ಬೆನ್ನು ಹತ್ತುತ್ತದೆ. ನಮ್ಮ ರಾಜ್ಯವೇ ಇದಕ್ಕೆ ಸಾಕ್ಷಿಯಾಗಿದೆ.

ಉಡುಪಿ ಜಿಲ್ಲೆಯ ಗ್ರಾಮೀಣ ಕುಟುಂಬದಿಂದ ಬಂದ ಅಶ್ವಿನಿ ಅಕ್ಕುಂಜಿಯವರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳ ರಿಲೇ ಓಟದಲ್ಲಿಯೂ, ಅದೇ ವರ್ಷದ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿಯೂ ಚಿನ್ನ ಗೆದ್ದಾಗ ನಾಡೆಲ್ಲ ಹರ್ಷಿಸಿತ್ತು. ಮರುವರ್ಷವೇ ಅವರೂ ಅವರ ಸಹ ಓಟಗಾರ್ತಿಯರೂ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಗುಳಿಗೆಯಲ್ಲಿ ಆ ಮದ್ದು ಬೆರೆತಿತ್ತು, ತಮಗದು ತಿಳಿದಿರಲಿಲ್ಲ ಎಂದು ಅವರು ವಾದಿಸಿದರು. ಉಕ್ರೇನ್ ದೇಶದ ತರಬೇತುದಾರರನ್ನು ವಜಾ ಮಾಡಲಾಯಿತು. ಮೊದಲು ಒಂದು ವರ್ಷವಿದ್ದ ನಿಷೇಧವನ್ನು 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯು ಎರಡು ವರ್ಷಕ್ಕೆ ಏರಿಸಿತು. ತನ್ನ ದೇಹವನ್ನು ಸೇರುವ ಪ್ರತಿಯೊಂದು ವಸ್ತುವಿಗೂ ಕ್ರೀಡಾಪಟುವೇ ಹೊಣೆ ಎಂಬುದು ಇಲ್ಲಿನ ನಿಯಮ. ಯುವಕ್ರೀಡಾಪಟುವು ನಂಬಿ ನಡೆಯುವ ಹಿರಿಯರ ಹೊಣೆ ಎಷ್ಟು ಗುರುತರವಾದುದೆಂಬುದನ್ನು ಈ ಪ್ರಕರಣ ಕಲಿಸುತ್ತದೆ. ಕೊಡಗಿನವರೇ ಆದ ಓಟಗಾರ್ತಿ ಅಶ್ವಿನಿ ನಾಚಪ್ಪನವರು 'ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ' ಸಂಘಟನೆಯ ಮೂಲಕ ಸ್ವಚ್ಛ ಕ್ರೀಡೆಗಾಗಿ ದನಿಯೆತ್ತಿದ್ದು ಇಲ್ಲಿ ಸ್ಮರಣೀಯ.

ಇನ್ನೊಂದು ಪ್ರಕರಣ ಹೆಚ್ಚು ಚಿಂತನೆಗೆ ಹಚ್ಚುವಂಥದು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಗಳಲ್ಲಿ ಮೋಸದಾಟ ನಡೆದಿದೆಯೆಂಬ ಆರೋಪದ ಮೇಲೆ ಬೆಂಗಳೂರು ಪೊಲೀಸರು ಆಟಗಾರರನ್ನೂ ಒಂದು ತಂಡದ ಮಾಲೀಕರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು, ಮೋಸದಾಟವು ದಂಡಸಂಹಿತೆಯ 420ನೇ ಕಲಮಿನನ್ವಯ ವಂಚನೆಯ ಅಪರಾಧವಾಗದು, ಶಿಸ್ತುಕ್ರಮ ಜರುಗಿಸುವುದು ಕ್ರಿಕೆಟ್ ಮಂಡಳಿಗೆ ಸೇರಿದ ವಿಷಯ ಎಂದು ತೀರ್ಮಾನಿಸಿ, ಅರ್ಜಿದಾರರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ಅಂತಹ ಆಟ ಅಪ್ರಾಮಾಣಿಕತೆಯನ್ನು ಸೂಚಿಸಬಹುದೆಂಬುದನ್ನು ನ್ಯಾಯಾಲಯವೂ ಅಲ್ಲಗಳೆಯಲಿಲ್ಲ. ಕಾನೂನಿನ ಕೈ ಒಂದು ಹಂತದವರೆಗೆ ಮಾತ್ರ ಚಾಚಬಲ್ಲದು. ಅದರಾಚೆಗೆ ಅಂತಃಸಾಕ್ಷಿಯ ಅಧಿಕಾರ ಆರಂಭವಾಗುತ್ತದೆ.

ಈ ಅಂತಃಸಾಕ್ಷಿಯ ಪರೀಕ್ಷೆ ದೊಡ್ಡ ಮೈದಾನಗಳಲ್ಲಷ್ಟೇ ನಡೆಯುವುದಿಲ್ಲ. ವಯೋಮಿತಿಯ ಪಂದ್ಯಗಳಿಗೆ ಮಗುವಿನ ಜನ್ಮದಿನಾಂಕವನ್ನು ಹಿಂದುಮುಂದು ಮಾಡುವ ದುರಭ್ಯಾಸ ನಮ್ಮ ದೇಶದಲ್ಲಿ ಎಷ್ಟು ಬೇರೂರಿತ್ತೆಂದರೆ, ಭಾರತೀಯ ಕ್ರಿಕೆಟ್ ಮಂಡಳಿಯು ಕಿರಿಯರ ವಯಸ್ಸನ್ನು ಮೂಳೆಯ ಪರೀಕ್ಷೆಯಿಂದ ಅಳೆಯಬೇಕಾಯಿತು. ತಾವಾಗಿಯೇ ಸತ್ಯ ಹೇಳಿದವರಿಗೆ ಶಿಕ್ಷೆಯಿಲ್ಲವೆಂದು 2020ರಲ್ಲಿ ಪ್ರಕಟಿಸಬೇಕಾಯಿತು. ಹುಟ್ಟಿದ ದಿನಾಂಕವನ್ನು ಧರ್ಮಕೇಂದ್ರದ ದೀಕ್ಷಾಸ್ನಾನದ ದಾಖಲೆಯಲ್ಲಿ ಬರೆಸುವ ನಮಗೆ ಇದರ ಗಂಭೀರತೆ ಅರ್ಥವಾಗಬೇಕು. ದೇವರ ಸನ್ನಿಧಿಯಲ್ಲಿ ಒಂದು ದಿನಾಂಕ, ಆಯ್ಕೆ ಸಮಿತಿಯ ಮುಂದೆ ಇನ್ನೊಂದು ದಿನಾಂಕ ಎಂದಾದರೆ, ಮಗು ತಂದೆತಾಯಿಯರಿಂದ ಕಲಿಯುವ ಮೊದಲ ಪಾಠ ಸುಳ್ಳಿನದೇ ಆಗುತ್ತದೆ. ಅದರಿಂದ ಸ್ಥಾನ ಕಳೆದುಕೊಳ್ಳುವವನೂ ಯಾರದೋ ಮನೆಯ ಮಗನೇ.

ಸಂತ ಪೌಲರು ವಿಶ್ವಾಸದ ಬದುಕನ್ನು ಓಟಕ್ಕೆ ಹೋಲಿಸಿದ್ದಾರೆ. ನಿಯಮ ಪಾಲಿಸದ ಸ್ಪರ್ಧಾಳುವಿಗೆ ಕಿರೀಟವಿಲ್ಲವೆಂದು ತಿಮೊಥೇಯನಿಗೆ ಎಚ್ಚರಿಸಿದ್ದಾರೆ. ದೇಹದ ಆರಾಧನೆಯನ್ನೂ, ಕ್ರೀಡಾವಿಜಯವನ್ನು ವಿಗ್ರಹವಾಗಿಸುವುದನ್ನೂ ಧರ್ಮಸಭೆಯ ಧರ್ಮೋಪದೇಶವು ತಿರಸ್ಕರಿಸುತ್ತದೆ. 2018ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಕ್ರೀಡಾ ವಿಷಯಕ ದಾಖಲೆಯೂ ಉತ್ತೇಜಕ ಮದ್ದು ಮತ್ತು ಭ್ರಷ್ಟಾಚಾರಗಳನ್ನು ಕ್ರೀಡೆಯ ಮುಂದಿರುವ ಸವಾಲುಗಳೆಂದು ಗುರುತಿಸಿದೆ.

ಪಂದ್ಯ ಮುಗಿಸಿ ಮನೆಗೆ ಬಂದ ಮಗುವನ್ನು ನಾವು ಮೊದಲು ಕೇಳುವುದು "ಗೆದ್ದೆಯಾ?" ಎಂದೇ. "ಸರಿಯಾಗಿ ಆಡಿದೆಯಾ?" ಎಂದು ಕೇಳುವ ರೂಢಿಯನ್ನೂ ಬೆಳೆಸಿಕೊಳ್ಳೋಣ. ಸೋತು ಬಂದ ದಿನವೂ ಆದರದ ಊಟ ಬಡಿಸೋಣ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಎದುರಾಳಿ ತಂಡದ ಮಕ್ಕಳನ್ನೂ ನೆನೆಯೋಣ. ಸೋಲಿಗೆ ಅಂಜದ ಮನೆಯಲ್ಲಿ ಬೆಳೆದ ಮಗುವಿಗೆ ಅಡ್ಡದಾರಿಯ ಅಗತ್ಯ ಬೀಳುವುದು ವಿರಳ.